ಅನ್ನ ಬಿಟ್ಟು ತುಪ್ಪ ತಿಂದರೆ ಹೃದಯ ಕ್ಷೇಮವೇ?

ಕಳಸದ ಸಮೀಪದ ಸಂಸೆಯಂಥ ಊರುಗಳಲ್ಲಿ ಬೆಳಗ್ಗೆ ಅಕ್ಕಿರೊಟ್ಟಿ ಅಥವಾ ಕಡುಬು, ಮಧ್ಯಾಹ್ನ ಅನ್ನ, ರಾತ್ರಿ ಮತ್ತೆ ಅನ್ನ ಇಲ್ಲವೇ ಗಂಜಿ. ಈ ರೂಢಿಯ ಊಟಕ್ಕೆ ಈಗ ತಕರಾರು ಬಂದಿದೆ. 'ಅನ್ನ, ರೊಟ್ಟಿ ಬಿಡಿ. ತುಪ್ಪ, ತೆಂಗಿನೆಣ್ಣೆ ಧಾರಾಳವಾಗಿ ತಿನ್ನಿ. ಕಾಫಿಗೂ ಬೆಣ್ಣೆ ಹಾಕಿಕೊಳ್ಳಿ. ಕೊಲೆಸ್ಟರಾಲ್ ಏರಿದರೂ ಹೃದಯಕ್ಕೆ ಭಯವಿಲ್ಲ' ಎಂಬುದು ಕಡಿಮೆ ಶರ್ಕರಪಿಷ್ಟ, ಅಧಿಕ ಕೊಬ್ಬಿನ ಆಹಾರಕ್ರಮದ ಅನೇಕ ಪ್ರತಿಪಾದಕರ ಮಾತು. ನೆರೆಯ ಹಾಸನ ಜಿಲ್ಲೆಯಿಂದ 2025ರ ಜೂನ್–ಜುಲೈನಲ್ಲಿ ಬಂದ ಹೃದಯಾಘಾತದ ಸುದ್ದಿಗಳಿಗೆ ಜನ ಎಷ್ಟು ಗಾಬರಿಗೊಂಡರೆಂಬುದನ್ನು ನೀವು ಬಲ್ಲಿರಿ. ಗಾಬರಿಯಾದವರು ಇಂಥ ಸಲಹೆಗೆ ಬೇಗ ಕಿವಿಗೊಡುತ್ತಾರೆ. ಆದ್ದರಿಂದ ಇದನ್ನು ಪರೀಕ್ಷಿಸಿ ನೋಡೋಣ.

ವಾದದ ಒಂದು ಭಾಗ ನಿಜ. 'ಬ್ರಿಟಿಷ್ ಜರ್ನಲ್ ಆಫ್ ನ್ಯೂಟ್ರಿಷನ್' ಪತ್ರಿಕೆ 2016ರಲ್ಲಿ 11 ಪ್ರಯೋಗಗಳ, 1,369 ಜನರ ವಿಶ್ಲೇಷಣೆಯನ್ನು ಪ್ರಕಟಿಸಿತು. ಕೊಬ್ಬು ಕಡಿಮೆ ಮಾಡಿದವರಿಗಿಂತ ಶರ್ಕರಪಿಷ್ಟ ಕಡಿಮೆ ಮಾಡಿದವರ ತೂಕ ಸುಮಾರು 2 ಕಿಲೋಗ್ರಾಂ ಹೆಚ್ಚು ಇಳಿದಿತ್ತು. ಟ್ರೈಗ್ಲಿಸರೈಡ್ ಇಳಿದು, ಎಚ್‌ಡಿಎಲ್ ಏರಿತ್ತು. ಆದರೆ ಎಲ್‌ಡಿಎಲ್ ಸಹ ಡೆಸಿಲೀಟರಿಗೆ ಸುಮಾರು 6 ಮಿಲಿಗ್ರಾಂ ಹೆಚ್ಚಿತ್ತು. ಮೊದಲಿನ ಅಂಕಿಗಳನ್ನು ತೋರಿಸಿ ಕೊನೆಯದನ್ನು ಮರೆಸುವುದೇ ಈ ವಾದದ ದೋಷ.

ರಕ್ತದಿಂದ ಎಲ್‌ಡಿಎಲ್ ಕಣಗಳನ್ನು ಮುಖ್ಯವಾಗಿ ಹೀರಿಕೊಳ್ಳುವುದು ಯಕೃತ್ತಿನ ಜೀವಕೋಶಗಳ ಮೇಲಿನ ಗ್ರಾಹಕಗಳು. ಇವುಗಳನ್ನು ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ 1985ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು. ಪರ್ಯಾಪ್ತ ಕೊಬ್ಬು ಹೆಚ್ಚಾದಾಗ ಗ್ರಾಹಕಗಳ ಕೆಲಸ ಕುಗ್ಗುತ್ತದೆ. ರಕ್ತದಲ್ಲಿ ಉಳಿದ ಎಲ್‌ಡಿಎಲ್ ಧಮನಿಯ ಗೋಡೆಯನ್ನು ಸೇರುತ್ತದೆ. ತುಪ್ಪ, ಬೆಣ್ಣೆ, ತೆಂಗಿನೆಣ್ಣೆಗಳಲ್ಲಿ ಇರುವುದು ಬಹುಪಾಲು ಪರ್ಯಾಪ್ತ ಕೊಬ್ಬೇ. ಸೂರ್ಯಕಾಂತಿ, ಸೋಯಾ ಮುಂತಾದ ಎಣ್ಣೆಗಳಿಗೆ ಹೋಲಿಸಿದರೆ ತೆಂಗಿನೆಣ್ಣೆ ಎಲ್‌ಡಿಎಲ್ಅನ್ನು ಸುಮಾರು 10 ಮಿಲಿಗ್ರಾಂ ಏರಿಸುತ್ತದೆಂದು 2020ರ ವಿಶ್ಲೇಷಣೆಯೊಂದು ತೋರಿಸಿದೆ.

'ಎಚ್‌ಡಿಎಲ್ ಏರಿತಲ್ಲ, ಅದೇ ರಕ್ಷಣೆಯಲ್ಲವೇ?' ಎಂದು ನೀವು ಕೇಳಬಹುದು. ಡಾಲ್ಸೆಟ್ರಾಪಿಬ್ ಎಂಬ ಔಷಧಿ 15,000ಕ್ಕೂ ಹೆಚ್ಚು ರೋಗಿಗಳ ಪರೀಕ್ಷೆಯಲ್ಲಿ ಎಚ್‌ಡಿಎಲ್ಅನ್ನು ಚೆನ್ನಾಗಿಯೇ ಏರಿಸಿತು. ಹೃದಯಾಘಾತ ಮಾತ್ರ ತಗ್ಗಲಿಲ್ಲವೆಂದು 2012ರಲ್ಲಿ ತಿಳಿದುಬಂತು.

ಇನ್ನೊಂದು ಎಚ್ಚರಿಕೆ. 6 ಮಿಲಿಗ್ರಾಂ ಎಂಬುದು ಸರಾಸರಿ. ಶರ್ಕರಪಿಷ್ಟವನ್ನು ತೀರ ಕಡಿಮೆ ಮಾಡಿದ ತೆಳ್ಳಗಿನ ಕೆಲವರಲ್ಲಿ ಎಲ್‌ಡಿಎಲ್ 200 ದಾಟಿರುವುದು ವರದಿಯಾಗಿದೆ. ತೋಟದಲ್ಲಿ ದಿನವಿಡೀ ದುಡಿಯುವ ತೆಳ್ಳನೆಯ ಮೈಯವರು ತೂಕವನ್ನಷ್ಟೇ ನೋಡಿ ನಿಶ್ಚಿಂತರಾಗುವಂತಿಲ್ಲ.

ಹಾಗಾದರೆ ಮೂರು ಹೊತ್ತೂ ಅನ್ನವೇ ಸರಿಯೇ? ಅದೂ ಅಲ್ಲ. ಭಾರತೀಯರ ಆಹಾರಶಕ್ತಿಯಲ್ಲಿ ಶೇಕಡಾ 62ರಷ್ಟು ಶರ್ಕರಪಿಷ್ಟದಿಂದಲೇ ಬರುತ್ತದೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ 2025ರಲ್ಲಿ ತಿಳಿಸಿತು. ಅದರಲ್ಲಿ ಸ್ವಲ್ಪ ಭಾಗಕ್ಕೆ ಬದಲಾಗಿ ಸಸ್ಯಜನ್ಯ ಅಥವಾ ಹಾಲಿನ ಪ್ರೋಟೀನ್ ಸೇವಿಸುವವರಲ್ಲಿ ಮಧುಮೇಹದ ಸಂಭವ ಕಡಿಮೆ ಎಂದೂ ಅದು ಕಂಡುಕೊಂಡಿತು. ಎರಡು ರೊಟ್ಟಿ ಕಡಿಮೆ ಮಾಡಿದವರು ಆ ಜಾಗಕ್ಕೆ ಹುರುಳಿ, ಹೆಸರುಕಾಳು, ಸೊಪ್ಪು, ಮೀನು ತಂದುಕೊಳ್ಳಲಿ, ಬೆಣ್ಣೆಯನ್ನಲ್ಲ. ಆಹಾರ ಬದಲಿಸುವ ಮೊದಲೊಮ್ಮೆ, ಮೂರು ತಿಂಗಳ ನಂತರ ಮತ್ತೊಮ್ಮೆ ರಕ್ತಪರೀಕ್ಷೆ ಮಾಡಿಸಿ, ವರದಿಯ ಟ್ರೈಗ್ಲಿಸರೈಡ್, ಎಚ್‌ಡಿಎಲ್, ಎಲ್‌ಡಿಎಲ್ ಮೂರನ್ನೂ ಓದಲಿ. ಶಿಕ್ಷಕರು ಮಕ್ಕಳಿಗೂ ಇದನ್ನೇ ಕಲಿಸಬಹುದು.