ಗೋಡೆಯ ಎಳೆ, ಪರದೆಯ ಚುಕ್ಕಿ: ಪಾತ್ರಚಿತ್ರಣದ ಎರಡು ಪರಂಪರೆಗಳು

ವಿಡಿಯೋ ಗೇಮ್‌ಗಳಿಗಾಗಿ ಪಾತ್ರಗಳನ್ನು ಕಲ್ಪಿಸಿ ಬರೆಯುವ ಚಿತ್ರಕಾರರನ್ನು ಕಲಾವಿದರೆಂದು ಪರಿಗಣಿಸಬೇಕೆ, ಅಥವಾ ಉದ್ಯಮವೊಂದರ ಕುಶಲಕರ್ಮಿಗಳೆಂದು ಬದಿಗಿರಿಸಬೇಕೆ ಎಂಬ ಪ್ರಶ್ನೆಯನ್ನು ಕನ್ನಡದ ಕಲಾವಿಮರ್ಶೆ ಎದುರಿಸಿದ್ದು ವಿರಳ. ಜಾನಪದ ಚಿತ್ರಕಲೆಯ ವಿಷಯದಲ್ಲಿಯೂ ಒಂದು ಕಾಲದಲ್ಲಿ ಇದೇ ಪ್ರಶ್ನೆ ಎದ್ದಿತ್ತು. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಎರಡು ಕಲಾಪ್ರಕಾರಗಳಾದ ದೀವರ ಚಿತ್ತಾರ ಮತ್ತು ಯಕ್ಷಗಾನದ ವೇಷಗಳನ್ನು ಮುಂದಿಟ್ಟುಕೊಂಡು ಈ ಹೊಸ ಪ್ರಕಾರವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಚಿತ್ತಾರವನ್ನು ಗಮನಿಸಬಹುದು. ಮದುವೆಯ ಮನೆಯಲ್ಲಿ ಹಸೆ ಹಾಸುವ ಜಾಗದ ಗೋಡೆಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ದೀವರ ಹೆಣ್ಣುಮಕ್ಕಳು ಹಸೆ ಚಿತ್ತಾರವನ್ನು ಬರೆಯುತ್ತಾರೆ. ಭೂಮಿ ಹುಣ್ಣಿಮೆಯಂದು ಗದ್ದೆಗೆ ಎಡೆಯನ್ನು ಒಯ್ಯುವ ಬಿದಿರಿನ ಬುಟ್ಟಿಗೂ ಇದೇ ಅಲಂಕಾರ. ಬಿಳುಪಿಗೆ ನೆನೆಸಿ ಅರೆದ ಅಕ್ಕಿ, ಕಪ್ಪಿಗೆ ಹುರಿದು ಕರಿಕಾಗಿಸಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ, ಕೆಂಪಿಗೆ ಮಣ್ಣು: ಇಷ್ಟೇ ಬಣ್ಣಗಳು. ಕುಂಚವೆಂದರೆ ಪುಂಡಿ ನಾರು. ಇಲ್ಲಿ ರೇಖೆಯನ್ನು ‘ಎಳೆ’ ಎನ್ನುತ್ತಾರೆ. ತೇರು, ಹಕ್ಕಿ, ಭತ್ತದ ತೆನೆ, ಮದುಮಕ್ಕಳು ಎಲ್ಲವೂ ಎಳೆಗಳ ಲೆಕ್ಕದಿಂದಲೇ ರೂಪುಗೊಳ್ಳುತ್ತವೆ. ಮನುಷ್ಯಾಕೃತಿಗೆ ಕಣ್ಣು ಮೂಗುಗಳ ವಿವರವಿಲ್ಲ. ಆದರೂ ಇವರು ಮದುಮಕ್ಕಳೆಂದು ನೋಡುಗರಿಗೆ ಸಂದೇಹ ಉಂಟಾಗುವುದಿಲ್ಲ. ಮುಖದ ಸಾದೃಶ್ಯಕ್ಕಿಂತ ಆಕೃತಿ ಮತ್ತು ಸ್ಥಾನಗಳೇ ಇಲ್ಲಿ ಪಾತ್ರವನ್ನು ಸ್ಥಾಪಿಸುತ್ತವೆ.

ಯಕ್ಷಗಾನದಲ್ಲಿಯೂ ತತ್ತ್ವ ಇದೇ, ಸಾಮಗ್ರಿ ಮಾತ್ರ ಬೇರೆ. ಬಡಗುತಿಟ್ಟಿನಲ್ಲಿ ಕೇದಗೆ ಮುಂದಲೆ ಕಟ್ಟಿದ ವೇಷ ರಂಗಕ್ಕೆ ಬಂದೊಡನೆ, ಅದು ಬಾಯಿ ತೆರೆಯುವ ಮೊದಲೇ, ಅಭಿಮನ್ಯುವಿನಂತಹ ತರುಣ ವೀರನೆಂದು ಪ್ರೇಕ್ಷಕ ಊಹಿಸುತ್ತಾನೆ. ಬಣ್ಣದ ವೇಷದ ಮುಖದ ಮೇಲೆ ಅಕ್ಕಿ ಹಿಟ್ಟಿನ ಚುಟ್ಟಿ ಏರುತ್ತಿದ್ದಂತೆ ರಾಕ್ಷಸತ್ವ ಸಿದ್ಧಿಸುತ್ತದೆ. ಮಂದ ಬೆಳಕಿನಲ್ಲಿ, ದೂರದಲ್ಲಿ ಕುಳಿತವನಿಗೂ ಹೊರರೇಖೆಯಿಂದಲೇ ಪಾತ್ರ ಗುರುತಾಗಬೇಕೆಂಬ ಅಗತ್ಯದಿಂದ ಈ ವೇಷಭಾಷೆಗೆ ಖಚಿತತೆ ಬಂದಿದೆ ಎನ್ನಬಹುದು.

ಈ ಹಿನ್ನೆಲೆಯಲ್ಲಿ 1987ರಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ‘ಫೈನಲ್ ಫ್ಯಾಂಟಸಿ’ ಎಂಬ ಆಟವನ್ನು ಪರಿಶೀಲಿಸುವುದು ಉಚಿತ. ಅದರ ಪರಿಕಲ್ಪನಾ ಚಿತ್ರಗಳನ್ನು ರಚಿಸಿದವರು ಯೋಶಿತಾಕ ಅಮಾನೊ. ಅವರ ತೇಲುವ ರೇಖೆ, ನೀಳವಾದ ಅಂಗಾಂಗ, ಜಲವರ್ಣದ ಮಸುಕು ಜಗತ್ತಿನಾದ್ಯಂತ ಹೆಸರಾಗಿವೆ. ಆದರೆ ಆಡುವವನ ಕಣ್ಣೆದುರು ಪರದೆಯ ಮೇಲೆ ನಡೆದಾಡಿದ ನಾಯಕರು ಕಜುಕೊ ಶಿಬುಯಾ ಎಂಬ ಮಹಿಳೆ ರಚಿಸಿದ ಚುಕ್ಕಿಚಿತ್ರಗಳು. ಯುದ್ಧದ ದೃಶ್ಯದಲ್ಲಿ ಒಂದು ಪಾತ್ರಕ್ಕೆ ದೊರೆಯುತ್ತಿದ್ದ ಜಾಗ ಅಗಲದಲ್ಲಿ 16, ಎತ್ತರದಲ್ಲಿ 24 ಚುಕ್ಕಿಗಳು. ಆ ಯಂತ್ರ ಒಂದು ಆಕೃತಿಗೆ ಒಮ್ಮೆಗೆ ಒದಗಿಸುತ್ತಿದ್ದ ಬಣ್ಣಗಳು ಮೂರು. ಈ ಇಕ್ಕಟ್ಟಿನೊಳಗೆ ಅವರು ರೂಪಿಸಿದ ‘ಬ್ಲ್ಯಾಕ್ ಮೇಜ್’ ಎಂಬ ಮಾಂತ್ರಿಕನಿಗೆ ಮುಖವೇ ಇಲ್ಲ. ಚೂಪಾದ ಟೋಪಿ, ಅದರ ಕೆಳಗೆ ಕತ್ತಲೆ, ಕತ್ತಲೆಯಲ್ಲಿ ಎರಡು ಕಣ್ಣುಗಳು. ಇಷ್ಟರಲ್ಲಿಯೇ ಪಾತ್ರ ಪೂರ್ಣವಾಗಿದೆ.

ವಿಡಿಯೋ ಗೇಮ್ ಚಿತ್ರಕಾರರಲ್ಲಿ ಮೆಚ್ಚಿನವರನ್ನು ಹೆಸರಿಸುವಾಗ ಅಮಾನೊ ಅವರ ಹೆಸರು ಸಹಜವಾಗಿಯೇ ಮುಂದೆ ಬರುತ್ತದೆ. ಪ್ರಸ್ತುತ ಲೇಖಕನ ಆಯ್ಕೆ ಶಿಬುಯಾ. ಕಾರಣ ಸ್ಪಷ್ಟ. ಅಮಾನೊ ಅವರ ಚಿತ್ರಗಳನ್ನು ಆಟದಿಂದ ಬೇರ್ಪಡಿಸಿ ಚಿತ್ರಶಾಲೆಯ ಗೋಡೆಯಲ್ಲಿ ತೂಗುಹಾಕಿದರೂ ಅವು ಉಳಿಯುತ್ತವೆ. ಶಿಬುಯಾ ಅವರ ಚಿತ್ರಗಳ ಸತ್ವವಿರುವುದು ಮಿತಿಯನ್ನು ವ್ಯಾಕರಣವಾಗಿ ಪರಿವರ್ತಿಸಿದ ಜಾಣ್ಮೆಯಲ್ಲಿ. ಒಂದು ಚುಕ್ಕಿ ಸ್ಥಳಾಂತರಗೊಂಡರೆ ಕಣ್ಣು ಹಣೆಯಾಗುತ್ತದೆ. ಚಿತ್ತಾರದಲ್ಲಿ ಒಂದು ಎಳೆ ತಪ್ಪಿದರೆ ಇಡೀ ಕಟ್ಟು ಸಡಿಲವಾಗುತ್ತದೆ. ಎರಡೂ ಕಡೆ ಕಲಾವಿದೆ ಕೈಗಿಂತ ಮೊದಲು ಎಣಿಕೆಯನ್ನು ಪಳಗಿಸಿಕೊಂಡಿರಬೇಕಾಗುತ್ತದೆ.

ಈ ಹೋಲಿಕೆಯನ್ನು ಅತಿಗೆ ಒಯ್ಯಬಾರದು. ಚಿತ್ತಾರ ಒಂದು ಆಚರಣೆಯ ಅಂಗ. ಹಸೆಗೆ ಕರೆಯುವ ಹಾಡು, ಮದುವೆ, ಬಂಧುಬಳಗದ ಸಂದರ್ಭದಲ್ಲಿ ಮಾತ್ರ ಅದಕ್ಕೆ ಪೂರ್ಣಾರ್ಥವಿದೆ. ಆಟದ ಪಾತ್ರ ಮಾರುಕಟ್ಟೆಗಾಗಿ ಹುಟ್ಟಿದ್ದು. ಹೀಗೆ ಹುಟ್ಟಿದ ಚಿತ್ರಣ ಪರಸಂಸ್ಕೃತಿಯನ್ನು ಕೈಗೆತ್ತಿಕೊಂಡಾಗ ಉಂಟಾಗುವ ತೊಡಕಿಗೆ 1991ರ ‘ಸ್ಟ್ರೀಟ್ ಫೈಟರ್ 2’ರ ಧಾಲ್ಸಿಮ್ ನಿದರ್ಶನ. ಭಾರತೀಯನೆಂದು ಪರಿಚಯಿಸಲಾದ ಈ ಪಾತ್ರದ ಕೊರಳಲ್ಲಿ ತಲೆಬುರುಡೆಗಳಿವೆ, ಯೋಗಬಲದಿಂದ ಕೈಕಾಲುಗಳು ರಬ್ಬರಿನಂತೆ ಹಿಗ್ಗುತ್ತವೆ. ಹೊರರೇಖೆಯ ದೃಷ್ಟಿಯಿಂದ ಇದು ಯಶಸ್ವಿ ರಚನೆ. ಆದರೆ ಯಕ್ಷಗಾನದ ವೇಷದಲ್ಲಿ ಪ್ರತಿ ಚಿಹ್ನೆಗೂ ಪ್ರೇಕ್ಷಕ ಸಮುದಾಯದ ಒಪ್ಪಿಗೆಯಿದ್ದರೆ, ಇಲ್ಲಿ ಚಿಹ್ನೆಗಳು ಯಾರದೋ ನಾಡನ್ನು ದೂರದಿಂದ ಕಂಡವರ ಊಹೆಗಳು. 2020ರಲ್ಲಿ ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ಸಂಸ್ಥೆ ಹೊರತಂದ ‘ರಾಜಿ’ ಎಂಬ ಆಟವು ನೆರಳಿನ ಗೊಂಬೆಯಾಟದ ಶೈಲಿಯನ್ನು ಕಥನಕ್ಕೆ ಬಳಸಿಕೊಂಡು ಈ ಕೊರತೆಯನ್ನು ಒಳಗಿನಿಂದಲೇ ತುಂಬಲು ಯತ್ನಿಸಿತು. ಮುಂದೊಂದು ದಿನ ಚಿತ್ತಾರದ ಎಳೆಗಳೂ ಇಂತಹ ಆಟವೊಂದರ ಪರದೆಯನ್ನು ಸೇರಬಹುದು. ಆಗ ಎದುರಾಗುವ ಪ್ರಶ್ನೆ ಹೆಸರಿನದು.

‘ಸ್ಟ್ರೀಟ್ ಫೈಟರ್ 2’ರ ಪಾತ್ರಗಳನ್ನು ರೂಪಿಸಿದ ಪ್ರಮುಖರಲ್ಲೊಬ್ಬರಾದ ಅಕಿರಾ ಯಾಸುದಾ ‘ಅಕಿಮನ್’ ಎಂಬ ಅಡ್ಡಹೆಸರಿನಿಂದ ಪ್ರಸಿದ್ಧರು. ಆ ಕಾಲದ ಜಪಾನೀ ಆಟಗಳಲ್ಲಿ ತಯಾರಕರ ನಿಜನಾಮಗಳ ಬದಲು ಇಂತಹ ಹೆಸರುಗಳನ್ನು ತೋರಿಸುವುದು ರೂಢಿಯಲ್ಲಿತ್ತು. ಶಿಬುಯಾ ಅವರ ಚುಕ್ಕಿಚಿತ್ರಗಳು ಪುಸ್ತಕರೂಪದಲ್ಲಿ ಸಂಕಲನಗೊಂಡದ್ದು 2018ರಲ್ಲಿ, ಅಂದರೆ ಮೂರು ದಶಕಗಳ ನಂತರ. 2021ರಿಂದ ಹಳೆಯ ಆಟಗಳು ಮರುರೂಪ ಪಡೆದಾಗ ಆ ಚಿತ್ರಗಳ ಹೊಣೆ ಮತ್ತೆ ಅವರಿಗೇ ಸಂದಿತು. ತಡವಾದರೂ ಅವರಿಗೆ ಮನ್ನಣೆ ದೊರೆಯಲು ಚಿತ್ರಗಳು ಉಳಿದಿದ್ದುದೇ ಕಾರಣ.

ಚಿತ್ತಾರದ ಸ್ಥಿತಿ ಹೀಗಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿ ಕಣಿವೆಯ ಊರುಗಳು ಮುಳುಗಿದಾಗ, ಮನೆಗಳೊಡನೆ ಹಸೆಗೋಡೆಗಳೂ ನೀರಿನ ಪಾಲಾದವು. ಅವನ್ನು ಬರೆದವರ ಹೆಸರುಗಳು ಯಾವ ಕಡತದಲ್ಲಿಯೂ ಸೇರುವಂತಿರಲಿಲ್ಲ. ಏಕೆಂದರೆ ಅವರನ್ನು ಕಲಾವಿದೆಯರೆಂದು ಕರೆಯುವ ವಾಡಿಕೆಯೇ ಇರಲಿಲ್ಲ. ಮುಂದೆ ಹಸುವಂತೆಯ ಈಶ್ವರ ನಾಯ್ಕ, ಸಿರಿವಂತೆಯ ಚಂದ್ರಶೇಖರ ಮೊದಲಾದವರ ಶ್ರಮದಿಂದ ಚಿತ್ತಾರವು ಗೋಡೆಯಿಂದ ಕಾಗದಕ್ಕೂ ಪ್ರದರ್ಶನಕ್ಕೂ ಬಂದಿತು. ಈ ಸೇವೆ ಸ್ಮರಣೀಯ. ಅದರ ಜೊತೆಗೆ ಈ ವಿದ್ಯೆಯನ್ನು ತಲೆಮಾರುಗಳ ಕಾಲ ಕೈಯಿಂದ ಕೈಗೆ ದಾಟಿಸಿದ ತಾಯಂದಿರ ಹೆಸರು, ಊರು, ಅವರವರ ಎಳೆಯ ವೈಶಿಷ್ಟ್ಯ ದಾಖಲಾಗಬೇಕಾದುದು ಸಂಶೋಧಕರ ಹೊಣೆ.

ವಿಡಿಯೋ ಗೇಮ್‌ಗಳ ಚಿತ್ರಕಾರರು ಕಲಾವಿದರೇ ಎಂಬ ಆರಂಭದ ಪ್ರಶ್ನೆಗೆ ಉತ್ತರ ಹೌದು. ಆದರೆ ಆ ಉತ್ತರವನ್ನು ಜಪಾನಿನ ಚುಕ್ಕಿಗೆ ಕೊಟ್ಟು ಮಲೆನಾಡಿನ ಎಳೆಗೆ ನಿರಾಕರಿಸಲಾಗದು. ಪಾತ್ರವೊಂದನ್ನು ಅತ್ಯಲ್ಪ ಗುರುತುಗಳಲ್ಲಿ ನಿಲ್ಲಿಸಬಲ್ಲ ಕೈಗೆ ಹೆಸರಿಟ್ಟು ಗೌರವಿಸುವುದು ಎರಡೂ ಕಡೆ ಸಮಾನವಾಗಿ ಸಲ್ಲಬೇಕಾದ ನ್ಯಾಯ.