ಹಿತ್ತಿಲ ಮೂಲೆಯ ಕಾರಂಜಿ ಮತ್ತು ಜೂನ್ ಮಳೆ

ಕೊಚ್ಚಿ, ತಿರುವನಂತಪುರಗಳಲ್ಲಿ ಐದು ಸೆಂಟ್ಸ್ ಜಾಗದ ಮನೆಗೂ ಈಗ ಹಿತ್ತಿಲ ಅಲಂಕಾರ ಬಂದಿದೆ. ಅಡುಗೆಮನೆಯ ಹಿಂದೆ ಬಾಳೆ, ಕೆಸು, ಕರಿಬೇವು ತಮ್ಮಷ್ಟಕ್ಕೆ ಬೆಳೆದುಕೊಂಡಿದ್ದ ಮೂಲೆಯನ್ನು ಸವರಿ, ಕಲ್ಲುಪುಡಿ ಹಾಸಿ, ಇಂಟರ್‌ಲಾಕ್ ಟೈಲ್ಸ್ ಕೂರಿಸಿ, ಎರಡು ಕುರ್ಚಿ ಹಾಕಿ, ಕಾಂಪೌಂಡಿಗೆ ಒರಗಿಸಿ ಪಂಪಿನ ಕಾರಂಜಿ ಇಟ್ಟರೆ ಪಾಳು ಮೂಲೆಗೆ ಜೀವ ಬಂತು ಎನ್ನುತ್ತಾರೆ. ನೋಡಲು ಚೆಂದವೇ. ಆದರೆ ಆ ಮೂಲೆ ನಿಜಕ್ಕೂ ಪಾಳುಬಿದ್ದಿತ್ತೇ? ಕೇರಳದ ಹಳೆಯ ಮನೆತನಗಳು ನೈಋತ್ಯದ ಕನ್ನಿಮೂಲೆಗೆ ಕತ್ತಿ ತಾಗಿಸದೆ ಸರ್ಪಕಾವಿಗೆಂದು ಬಿಡುತ್ತಿದ್ದವು, ನಮ್ಮ ಕರಾವಳಿಯ ನಾಗಬನದ ಹಾಗೆ. (ನಾಗಬನಗಳಿಗೂ ಈಗ ಕಾಂಕ್ರೀಟು ಬಿದ್ದಿದೆ, ಆ ಮಾತು ಬೇರೆ.) ಕಾವಿಲ್ಲದ ಸಣ್ಣ ಮನೆಗಳಲ್ಲೂ ಹಿತ್ತಿಲ ತಗ್ಗಿಗೆ ಮಾಡಿನ ನೀರು, ಪಾತ್ರೆ ತೊಳೆದ ನೀರು ಹರಿದು ಬಾಳೆಬುಡದಲ್ಲಿ ಇಂಗುತ್ತಿತ್ತು. ಯಾರೂ ಗಮನಿಸದಿದ್ದರೂ ಅದು ದುಡಿಯುತ್ತಿದ್ದ ಜಾಗ. ಆ ದುಡಿಮೆಯನ್ನು ಹೊಸ ಕಟ್ಟೆ ವಹಿಸಿಕೊಂಡಿದೆಯೇ ಎಂಬ ಒಂದೇ ಪ್ರಶ್ನೆಯಿಂದ ಈ ಅಲಂಕಾರವನ್ನು ಅಳೆಯಬೇಕು.

ಬಹುಪಾಲು ವಹಿಸಿಕೊಂಡಿಲ್ಲ. ಲೆಕ್ಕ ಸುಲಭ. ಕೊಚ್ಚಿಯಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ, ತಿರುವನಂತಪುರದಲ್ಲಿ 1800ರ ಆಸುಪಾಸು. 300 ಚದರ ಅಡಿಯ ಹಾಸಿನ ಮೇಲೆ ಕೊಚ್ಚಿಯಲ್ಲಿ 80 ಸಾವಿರ ಲೀಟರಿಗೂ ಹೆಚ್ಚು, ತಿರುವನಂತಪುರದಲ್ಲಿ 50 ಸಾವಿರ ಲೀಟರ್ ನೀರು ಬೀಳುತ್ತದೆ. ಅದನ್ನೆಲ್ಲ ಗೇಟಿನಾಚೆಗೆ ಓಡಿಸಿ, ಬೇಸಿಗೆಯಲ್ಲಿ ಟ್ಯಾಂಕರ್ ತರಿಸಿ, ನಾಲ್ಕು ಕೊಡ ನೀರನ್ನು ಕರೆಂಟು ಖರ್ಚುಮಾಡಿ ಸುತ್ತಿಸುತ್ತಾ ಜುಳುಜುಳು ಸದ್ದು ಕೇಳುವುದರಲ್ಲಿ ಏನೋ ಹಾಸ್ಯವಿದೆ. ಟೈಲ್ಸ್ ಸಂದಿಯಲ್ಲಿ ನೀರು ಇಳಿಯುತ್ತದಲ್ಲ ಎಂದು ಮಾರುವವರು ಹೇಳಬಹುದು. ಹಾಸುವಾಗ ಇಳಿಯುತ್ತದೆ, ನಿಜ. ಆದರೆ ಅಡಿಯ ಕಲ್ಲುಪುಡಿಯನ್ನು ದಮ್ಮಸು ಮಾಡಿರುತ್ತಾರೆ, ಸಂದಿಗಳಲ್ಲಿ ಮಣ್ಣು, ಪಾಚಿ ಕಟ್ಟಿಕೊಳ್ಳುತ್ತದೆ. ಎಷ್ಟೋ ಕಡೆ ಅಡಿಗೆ ಸಿಮೆಂಟೇ ಬಿದ್ದಿರುತ್ತದೆ. ಜೂನ್ ತಿಂಗಳ ಜಡಿಮಳೆ ಆ ಸಂದಿಗಳಿಗೆ ಕಾಯುವುದಿಲ್ಲ. ಕೇರಳದ ಕಟ್ಟಡ ನಿಯಮಗಳಲ್ಲಿ 2004ರಿಂದಲೂ ಮಳೆನೀರು ಕೊಯ್ಲು ಸೇರಿದೆ. ಆದರೆ ನಕ್ಷೆ ಪಾಸಾಗಿ ವರ್ಷಗಳಾದ ಮೇಲೆ ಮನೆಯವರು ಹಿತ್ತಿಲಿಗೆ ಟೈಲ್ಸ್ ಹಾಕಿಸುವಾಗ ಆ ನಿಯಮವನ್ನು ನೆನೆಯುವವರು ಯಾರು?

ನೀರಿಗೆ ಕೆಲಸ ಕೊಟ್ಟ ಮಾದರಿ ತಿರುವನಂತಪುರದಲ್ಲೇ ಇದೆ. ಉಳ್ಳೂರಿನ ಸೆಂಟರ್ ಫಾರ್ ಡೆವಲಪ್‌ಮೆಂಟ್ ಸ್ಟಡೀಸ್ ಆವರಣವನ್ನು 1970ರ ದಶಕದಲ್ಲಿ ಕಟ್ಟಿದ ವಾಸ್ತುಶಿಲ್ಪಿ ಲಾರಿ ಬೇಕರ್, ಕೊಳದ ಪಕ್ಕ ಎತ್ತರದ ಇಟ್ಟಿಗೆ ಜಾಲಿ ಗೋಡೆ ಎಬ್ಬಿಸಿದರು. ನೀರಿನ ಮೇಲಿಂದ ತಣ್ಣಗಾದ ಗಾಳಿ ಜಾಲಿಯ ಕಿಂಡಿಗಳಿಂದ ಒಳಗೆ ಬರುತ್ತದೆ. ಅಲ್ಲಿ ಕೊಳವೂ ಕಟ್ಟಡದ ಒಂದು ಅಂಗ. ಗೋಡೆಗೆ ಒರಗಿಸಿದ ಫೈಬರ್ ತೊಟ್ಟಿಯನ್ನು ತೆಗೆದರೆ ಮನೆಗೆ ಏನೂ ಕಡಿಮೆಯಾಗುವುದಿಲ್ಲ. ಈ ಕೊಳವನ್ನು ಮುಚ್ಚಿದರೆ ಒಳಗಿನ ಸೆಕೆ ಹೇಳುತ್ತದೆ. ಅದು ಹತ್ತು ಎಕರೆಯ ಸಂಸ್ಥೆ, ಐದು ಸೆಂಟ್ಸಿಗೆ ಹೊಂದುವುದಿಲ್ಲ ಎನ್ನುವುದೂ ಪೂರ್ತಿ ಸರಿಯಲ್ಲ. ಗಾತ್ರ ಬೇಡ, ತರ್ಕ ಸಾಕು: ಗಾಳಿ ಬರುವ ದಿಕ್ಕಿಗೆ ನೀರು, ಅದರ ಹಿಂದೆ ಕಿಟಕಿ.

ಗಟ್ಟಿಯಾದ ಆಕ್ಷೇಪ ಬೇರೆ ಇದೆ. ಅಡುಗೆಮನೆಯ ಹಿಂದೆ ದಿನವಿಡೀ ದುಡಿದ ಹೆಂಗಸರಿಗೆ ಕೂತು ಚಹಾ ಕುಡಿಯಲು ಒಂದು ಒಣ ಜಾಗ ಸಿಕ್ಕಿದೆ. ಕೆಸರು, ಹಾವು, ಜಿಗಣೆಗಳ ನಡುವೆ ಬಾಳೆಬುಡದ ಹಿರಿಮೆ ಹಾಡುವುದು ಮುಂಬಾಗಿಲ ಚಾವಡಿಯಲ್ಲಿ ಕೂತವರಿಗೆ ಸುಲಭ. ಇದನ್ನು ಒಪ್ಪಲೇಬೇಕು. ಕಟ್ಟೆ ಬೇಡವೆಂಬುದು ನನ್ನ ವಾದವಲ್ಲ. ಕೂರುವಷ್ಟಕ್ಕೆ ಹಾಸಿ, ಉಳಿದದ್ದನ್ನು ಬಿಡಬಹುದು. ತಾಂಡೂರು ಕಲ್ಲು, ಕೇರಳದವರು ಬೆಂಗಳೂರು ಸ್ಟೋನ್ ಎಂದು ಕರೆಯುವ ನಮ್ಮ ಕಡೆಯ ಕಲ್ಲು, ಎರಡನ್ನೂ ಅಗಲ ಸಂದಿ ಬಿಟ್ಟು ಹುಲ್ಲು ನೆಟ್ಟು ಹಾಸುವ ಪದ್ಧತಿ ಅಲ್ಲಿದೆ. ಅಡಿಗೆ ಕಾಂಕ್ರೀಟು ಸುರಿಯದಿದ್ದರೆ ಸಾಕು. ಸೊಳ್ಳೆಯ ಭಯವೂ ಸುಳ್ಳಲ್ಲ. ಡೆಂಗಿ ತಡೆಗೆ ಶುಕ್ರವಾರ ಶಾಲೆ, ಶನಿವಾರ ಕಚೇರಿ, ಭಾನುವಾರ ಮನೆ ಎಂದು ಆರೋಗ್ಯ ಇಲಾಖೆ ನಿಂತ ನೀರು ಚೆಲ್ಲುವ ‘ಡ್ರೈ ಡೇ’ ಸಾರುವ ರಾಜ್ಯವದು. ಪಂಪು ಕೆಟ್ಟುನಿಂತ ಕಾರಂಜಿ ಒಂದೇ ವಾರದಲ್ಲಿ ಮರಿಹುಳುಗಳ ತೊಟ್ಟಿಯಾಗುತ್ತದೆ. ಮಣ್ಣಿನ ಅಂಚಿನ ಕೊಳಕ್ಕೆ ಗಪ್ಪಿ ಮೀನು ಬಿಟ್ಟರೆ ಅವು ಕರೆಂಟು ಕೇಳುವುದಿಲ್ಲ.

ಎರಡು ಊರಿಗೂ ಒಂದೇ ಮದ್ದು ಹೇಳಿದರೆ ಮಾತ್ರ ನನ್ನ ವಾದವೂ ಟೈಲ್ಸಿನಷ್ಟೇ ಕುರುಡಾದೀತು. ತಿರುವನಂತಪುರದ ಗುಡ್ಡಗಳು ಮುರಕಲ್ಲಿನವು. ಅಲ್ಲಿ ಇಂಗುಗುಂಡಿ ಕೆಳಗಿನ ಬಾವಿಯನ್ನು ತುಂಬಿಸುತ್ತದೆ. ಫೋರ್ಟ್ ಕೊಚ್ಚಿ, ಮಟ್ಟಾಂಚೇರಿಗಳದ್ದು ಸಮುದ್ರಮಟ್ಟದ ನೆಲ. ಮಳೆಗಾಲದಲ್ಲಿ ಮೊದಲೇ ಬಾಯಿವರೆಗೆ ತುಂಬಿದ ಮಣ್ಣಿಗೆ ಇನ್ನಷ್ಟು ಇಂಗಿಸುವುದೆಂದರೆ ತುಂಬಿದ ಕೊಡಕ್ಕೆ ನೀರು ಹೊಯ್ದಂತೆ. ಅಲ್ಲಿ ಮಾಡಿನ ನೀರನ್ನು ಹಿಡಿದಿಟ್ಟುಕೊಳ್ಳುವ ತೊಟ್ಟಿ ಬೇಕು, ಕಟ್ಟೆ ಅದರ ಮೇಲೆಯೇ ಬರಬಹುದು. ಹೀಗೆ ಊರು ನೋಡಿ ಕಟ್ಟಿದ ಮೂಲೆ ಅಲಂಕಾರವಾಗಿಯೂ ಗೆಲ್ಲುತ್ತದೆ. ಮೇಸ್ತ್ರಿಗೆ ಮುಂಗಡ ಕೊಡುವ ಮೊದಲು ಒಂದು ಮಳೆಗಾಲ ತಡೆಯಿರಿ. ಕೊಡೆ ಹಿಡಿದು ಅರ್ಧ ಗಂಟೆ ಆ ಮೂಲೆಯಲ್ಲಿ ನಿಂತು ನೀರು ಎಲ್ಲಿಂದ ಬಂದು ಎಲ್ಲಿ ಹೋಗುತ್ತದೆ ಎಂದು ನೋಡಿಕೊಳ್ಳಿ.