ಬಚ್ಚಲಿಗೆ ಬಂದ ಡಾಲ್ಫಿನ್

ಸಖರಾಯಪಟ್ಟಣದ ನಮ್ಮ ಮನೆಯ ಬಚ್ಚಲಿಗೆ 2004ರಲ್ಲಿ ಮೊದಲ ಸಲ ಟೈಲ್ಸ್ ಹಾಕಿಸಿದಾಗ ಆರಿಸಿದವರು ನಮ್ಮ ಯಜಮಾನರು. ಕೆಳಗೆ ಕಡುನೀಲಿ, ಮೇಲೆ ತಿಳಿನೀಲಿ, ನಡುವೆ ಸಾಲಾಗಿ ನೆಗೆಯುವ ಡಾಲ್ಫಿನ್‌ಗಳು. ಅಯ್ಯನಕೆರೆಯ ಮೀನಷ್ಟೇ ಕಂಡ ನಮ್ಮ ನೆಂಟರೆಲ್ಲ ಹೊಗಳಿದ್ದೇ ಹೊಗಳಿದ್ದು. ಉಜ್ಜುವ ಕೆಲಸ ಮಾತ್ರ ನನ್ನದು.

ಬೋರ್‌ವೆಲ್ಲಿನ ಗಡಸು ನೀರು ಒಣಗಿದರೆ ಕಡುಬಣ್ಣದ ಹೊಳಪಿನ ಮೇಲೆ ಬಿಳಿ ಕಲೆ ಎದ್ದು ಕಾಣುತ್ತದೆ. ಅದಕ್ಕೆಂದು ಆ್ಯಸಿಡ್ ಸುರಿದೆ. ಕಲೆ ಹೋಯಿತು, ಜೊತೆಗೆ ಸಂದಿನ ಸಿಮೆಂಟೂ ಸವೆಯಿತು. ನೀರು ಒಳಗಿಳಿದು ಪಕ್ಕದ ದೇವರಮನೆಯ ಗೋಡೆ ಹಸಿಯಾಯಿತು. "ತೊಳೆಯಲು ಬರುವುದಿಲ್ಲ" ಎಂಬ ಮಾತು ನನ್ನ ಪಾಲಿಗೆ ಬಂತು. ಆರಿಸಿದವರನ್ನು ಯಾರೂ ಏನೂ ಅನ್ನಲಿಲ್ಲ.

ಈಗ ಮತ್ತೆ ಮಾಡಿಸುವಾಗ ಅಂಗಡಿಗೆ ನಾನೂ ಹೋದೆ. ಒರಟು ಕಲ್ಲಿನಂಥ ಹೊಸ ಬಿಲ್ಲೆಗಳ ಮೇಲೆ ಕೈಯಾಡಿಸಿದೆ. ನೋಡಲು ಚೆಂದವೇ, ಆದರೆ ಸೋಪಿನ ಜಿಡ್ಡು ಕೂರಲು ಹೇಳಿ ಮಾಡಿಸಿದಂತಿದ್ದವು. ಹಳೆಯ 8x12 ಇಂಚಿನ ಮೂರು ಬಿಲ್ಲೆಗಳ ಜಾಗವನ್ನು 12x24 ಇಂಚಿನ ಒಂದೇ ಬಿಲ್ಲೆ ತುಂಬುತ್ತದೆ, ಸಂದು ಕಡಿಮೆ. ತಿಳಿಬೂದು ಬಣ್ಣ, ನಯವಾದ ಮೈ, ಸಂದಿಗೆ ಎಪಾಕ್ಸಿ ಎಂದೆ. ಎಪಾಕ್ಸಿ ಸಿಮೆಂಟಿಗಿಂತ ದುಬಾರಿ, ಆದರೆ ನೀರು ಹೀರುವುದಿಲ್ಲ.

"ತುಂಬಾ ಸಪ್ಪೆ ಆಯ್ತು ಮೇಡಂ" ಎಂದ ಅಂಗಡಿಯ ಹುಡುಗ.

"ಆಗಲಪ್ಪ, ಉಜ್ಜುವವಳು ನಾನು" ಎಂದೆ. ಯಜಮಾನರು ಸುಮ್ಮನೆ ದುಡ್ಡು ಎಣಿಸಿದರು.

ಎರಡು ವರ್ಷ ಉಡುವ ಸೀರೆಗೆ ನಾಲ್ಕು ಅಂಗಡಿ ಹತ್ತಿಳಿಯುವ ನಾವು, ಇಪ್ಪತ್ತು ವರ್ಷ ಉಜ್ಜಬೇಕಾದ ಗೋಡೆಯ ಮುಂದೆ ಬಾಯಿ ಮುಚ್ಚಿಕೊಂಡು ನಿಲ್ಲುತ್ತೇವಲ್ಲ, ಏಕೆ?